ಬನದಿಂದ ತಂದ ಪಾಚಿ

ಪ್ರೀತಿಯ ಬಾಲೆ,

ನಿನಗೆ ನಾವು ಹೆಸರು ಹುಡುಕಿರಲಿಲ್ಲ. ಹುಟ್ಟುವ ಮೊದಲು ಹುಡುಕಬಾರದೆಂದು ನಿನ್ನ ಅಜ್ಜಿ ಹೇಮಾಕ್ಷಿಯ ಕಟ್ಟಪ್ಪಣೆ. ತುಳುವಿನಲ್ಲಿ ಎಲ್ಲ ಕೂಸುಗಳನ್ನೂ ಕರೆಯುವ ಹಾಗೆ ನಿನ್ನನ್ನೂ ಬಾಲೆ ಎಂದೇ ಕರೆದೆವು. ಐದನೇ ತಿಂಗಳಲ್ಲಿ ನೀನು ಹೊಟ್ಟೆಯಲ್ಲೇ ತೀರಿಹೋದೆ. ಇವತ್ತಿಗೆ ಎಪ್ಪತ್ತೊಂದು ದಿನ. ಅಷ್ಟು ದಿನವೂ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಅದನ್ನು ನಿನಗೂ ಹೇಳಬೇಕು.

ನೀನು ಹೊಟ್ಟೆಯಲ್ಲಿರುವಾಗ, ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರ್ ನಿನ್ನ ಅಮ್ಮ ತೃಷಾಳಿಗೆ ಹೇಳಿದ್ದರು. ಪಡೀಲಿನ ನಮ್ಮ ಫ್ಲ್ಯಾಟಿನ ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ಗೋಡೆ, ಅದರ ಮೇಲೆ ಇಳಿಯುವ ಪೈಪು. "ನೋಡ್ಲಿಕ್ಕೆ ಒಂದು ಎಲೆಯಾದ್ರೂ ಉಂಟಾ ಮಾರಾಯ್ರೆ ಇಲ್ಲಿ?" ಎನ್ನುತ್ತಿದ್ದಳು. ಗಾಜಿನೊಳಗೆ ತೋಟ ಬೆಳೆಸುವುದನ್ನು ಮೊಬೈಲಿನಲ್ಲಿ ನೋಡಿ, ತನಗೂ ಅಂಥದ್ದು ಬೇಕೆಂದು ಹಟ ಹಿಡಿದಳು. ನನ್ನ ಜೊತೆ ಬೈಕಂಪಾಡಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಫ್ಲೋಯ್ಡ್ ತನ್ನ ತಾಯಿಯ ಹಳೆಯ ಉಪ್ಪಿನಕಾಯಿ ಭರಣಿಯನ್ನು ಕೊಟ್ಟ. ದಪ್ಪ ಗಾಜು, ಬಿಗಿ ಮುಚ್ಚಳ. "ಮೂರು ಸಲ ತೊಳಿ, ಇಲ್ಲದಿದ್ರೆ ನಿನ್ನ ಗಿಡಕ್ಕೂ ಹುಳಿ ಹಿಡೀತದೆ" ಎಂದು ನಕ್ಕ.

ಮಂಚದ ಮೇಲೆ ಪೇಪರ್ ಹಾಸಿ ಅವಳು ಕೆಲಸಕ್ಕೆ ಕೂತಳು. ತಳಕ್ಕೆ ಸಣ್ಣ ಕಲ್ಲು, ಮೇಲೆ ಇದ್ದಿಲಿನ ಚೂರು, ಹರಿದ ಸೊಳ್ಳೆಪರದೆಯ ತುಂಡು, ಆಮೇಲೆ ಮಣ್ಣು, ಮಣ್ಣಿನಲ್ಲಿ ಎರಡು ಪುಟ್ಟ ಜರಿಗಿಡ. ಭರಣಿಯನ್ನು ಹೊಟ್ಟೆಗೆ ಒರಗಿಸಿಕೊಂಡು, ಉದ್ದ ಚಮಚದಿಂದ ಮಣ್ಣು ಒತ್ತುತ್ತ, "ಬಾಲೆಗೂ ತೋರಿಸ್ತಿದ್ದೇನೆ" ಎಂದಳು. ಆಗ ಅವಳಷ್ಟು ಸುಖವಾಗಿದ್ದ ಹೆಂಗಸು ಮಂಗಳೂರಿನಲ್ಲೇ ಇರಲಿಲ್ಲ.

ಬಾಕಿ ಇದ್ದದ್ದು ಪಾಚಿ. ಪಂಪ್‌ವೆಲ್‌ನ ಅಂಗಡಿಯಿಂದ ತಂದದ್ದು ಒಣಗಿ ಕಂದಾಗಿತ್ತು. ನಾಳೆ ತರುತ್ತೇನೆ, ನಾಳೆ ತರುತ್ತೇನೆ ಎಂದು ಮೂರು ದಿನ ತಳ್ಳಿದೆ. ನಾಲ್ಕನೇ ಸಂಜೆ ಬರಿಗೈಯಲ್ಲಿ ಬರುವಾಗ ನಮ್ಮ ಕುಟುಂಬದ ನಾಗಬನ ಕಂಡಿತು. ಎರಡು ಅಪಾರ್ಟ್‌ಮೆಂಟುಗಳ ನಡುವೆ ಉಳಿದ ನಾಲ್ಕು ಮರ, ಅರಸಿನ ಮೆತ್ತಿದ ನಾಗನ ಕಲ್ಲು, ಕಟ್ಟೆಯ ತುಂಬ ಹಸಿರು ಪಾಚಿ. ಬನದ ಒಣ ಎಲೆಯನ್ನೂ ಮನೆಗೆ ತರಬಾರದೆಂದು ನನ್ನ ಅಮ್ಮ ಚಿಕ್ಕಂದಿನಿಂದ ಹೇಳಿಕೊಟ್ಟದ್ದು. ಗೊತ್ತಿದ್ದೂ ಬೈಕಿನ ಕೀಲಿಯಿಂದ ಒಂದು ಅಂಗೈಯಷ್ಟು ಕೆರೆದು, ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡೆ. "ಎಲ್ಲಿ ಸಿಕ್ಕಿತು?" ಎಂದು ತೃಷಾ ಕೇಳಿದಳು. "ಕಾರ್ಖಾನೆಯ ಗೋಡೆಯಲ್ಲಿ" ಎಂದೆ. ಅವಳು ಅದನ್ನು ಬಟ್ಟಲಲ್ಲಿ ತೊಳೆದು ಭರಣಿಯ ಮಣ್ಣಿನ ಮೇಲೆ ಕೂರಿಸಿದಳು.

ಅದಾದ ಹನ್ನೊಂದನೇ ದಿನ ನೀನು ಹೋದೆ.

ಯಾರ ತಪ್ಪೂ ಅಲ್ಲ, ಕೆಲವೊಮ್ಮೆ ಹೀಗಾಗುತ್ತದೆ ಎಂದರು ಡಾಕ್ಟರ್. ಬಾಲೆ, ಕಾರ್ಖಾನೆಯಲ್ಲಿ ಕೆಟ್ಟ ಮಾಲು ಬಂದರೆ ಯಾರ ತಪ್ಪೆಂದು ಹುಡುಕುವುದೇ ನನ್ನ ಕೆಲಸ. ಹದಿನಾಲ್ಕು ವರ್ಷಗಳಲ್ಲಿ ಯಾರ ತಪ್ಪೂ ಅಲ್ಲ ಎಂದು ನಾನು ಒಮ್ಮೆಯೂ ಬರೆದವನಲ್ಲ. ನಾಗದೋಷವೆಲ್ಲ ಸುಳ್ಳು ಎಂದು ಫ್ಲೋಯ್ಡ್‌ನೆದುರು ದೊಡ್ಡ ಭಾಷಣ ಬಿಗಿದವನೂ ನಾನೇ. ಆದರೂ ಆ ಭರಣಿಯ ಕಡೆ ತಲೆಯೆತ್ತಿ ನೋಡಲು ಆಗುತ್ತಿರಲಿಲ್ಲ. ಹಾಳಾದ ಪಾಚಿ ಸೊಂಪಾಗಿ ಬೆಳೆಯಿತು. ಬೆಳಿಗ್ಗೆ ಗಾಜಿನ ಒಳಗೆ ಹನಿ ಕಟ್ಟುತ್ತಿತ್ತು, ತೃಷಾ ಅಳದೆ ಅದನ್ನೇ ನೋಡುತ್ತ ಕೂರುತ್ತಿದ್ದಳು.

ನಿನ್ನೆ ಭಾನುವಾರ. ಅವಳು ಸ್ನಾನಕ್ಕೆ ಹೋದಾಗ, ಪಾಚಿಯನ್ನು ಬನಕ್ಕೆ ಹಿಂದೆ ಕೊಟ್ಟು ಬರೋಣವೆಂದು ಮುಚ್ಚಳ ತೆಗೆದೆ. ಚಮಚದಲ್ಲಿ ಎತ್ತಿದ್ದೆನಷ್ಟೆ, ಅವಳು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಹೇಳಿಬಿಟ್ಟೆ. ನಾನೇ ಕೊಂದೆ ಎಂದೂ ಹೇಳಿದೆ.

"ನನಗೆ ಗೊತ್ತಿತ್ತು" ಎಂದಳು. "ಪಾಚಿ ತೊಳೆಯುವಾಗ ನೀರು ಹಳದಿ ಆಯ್ತು. ಕಾರ್ಖಾನೆ ಗೋಡೆಗೆ ಅರಸಿನ ಹುಡಿ ಯಾರು ಹಾಕ್ತಾರೆ? ನಾಗನೇ ಮನೆಗೆ ಬಂದ, ಇನ್ನು ಬಾಲೆಗೆ ಎಂತ ಹೆದರಿಕೆ ಅಂತ ಸುಮ್ಮನಿದ್ದೆ. ದಿನಾ ಅವನಿಗೆ ಕೈಮುಗಿದೇ ಮಲಗ್ತಿದ್ದೆ."

ಆಮೇಲೆ ಅತ್ತಳು. ನೀನು ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ಯಾವುದಕ್ಕೆ ನಾನು ಹೆದರಿ ಸತ್ತೆನೋ ಅದನ್ನೇ ಅವಳು ನಂಬಿ ಬದುಕಿದ್ದಳು, ಕೊನೆಗೆ ನಮ್ಮಿಬ್ಬರಿಗೂ ಉಳಿದದ್ದು ಏನೂ ಇಲ್ಲ. ಚಮಚ ಇನ್ನೂ ನನ್ನ ಕೈಯಲ್ಲೇ ಇತ್ತು. ಅವಳು ಅದನ್ನು ತೆಗೆದುಕೊಂಡು, ಪಾಚಿಯನ್ನು ಇದ್ದಲ್ಲೇ ಇಟ್ಟು ಬೆರಳಿನಿಂದ ಒತ್ತಿದಳು.

"ಬಾಲೆಗೆ ನಾನು ತೋರಿಸಿದ್ದು ಇದೊಂದೇ. ಇರ್ಲಿ" ಎಂದು ಮುಚ್ಚಳ ಹಾಕಿದಳು.

ನಾಳೆ ನಾವಿಬ್ಬರೂ ಬನಕ್ಕೆ ಹಾಲು, ಎಳನೀರು ತೆಗೆದುಕೊಂಡು ಹೋಗುತ್ತೇವೆ. ನಾನು ಕ್ಷಮೆ ಕೇಳುತ್ತೇನೆ. ಅವಳು ಏನು ಕೇಳುತ್ತಾಳೋ ನನಗೆ ಗೊತ್ತಿಲ್ಲ, ವಿಚಾರಿಸುವ ಧೈರ್ಯವೂ ಇಲ್ಲ.

ಎಲ್ಲಿದ್ದರೂ ತಂಪಾಗಿರು, ಬಾಲೆ.

ನಿನ್ನನ್ನು ಒಮ್ಮೆಯೂ ಎತ್ತಿಕೊಳ್ಳದ ಅಪ್ಪ,
ರೋಷನ್