ಮೀನಿನ ತೊಟ್ಟಿಯ ಗಿಡ

ಆಗಸ್ಟ್ 14, ಬುಧವಾರ. ಗುಂಡ್ಲುಪೇಟೆ.

ತಪ್ಪು ನನ್ನದೇ. ಅಷ್ಟು ಹೇಳಲು ಬಾಯಿ ಬರಲಿಲ್ಲ.

ನೆಂಟರೆದುರು ಬೈದೆನೆಂದು ಸೊಸೆ ಚಂದ್ರಮತಿ ನನ್ನೊಡನೆ ಮಾತು ಬಿಟ್ಟು ಇಪ್ಪತ್ತು ದಿನವಾಗಿತ್ತು. ಅವಳು ಹಂಗಳಕ್ಕೆ, ತವರಿಗೆ ಹೋದಾಗ ಅವಳ ಮೀನಿನ ತೊಟ್ಟಿಯ ಗಿಡಗಳು ಬೆಳೆದು ನೀರಿನ ಮೇಲಕ್ಕೆ ಬಂದವು. ಅವಳಿಗೆ ಖುಷಿಯಾಗಲೆಂದು ತುದಿ ಕತ್ತರಿಸಿ, ಆ ತುದಿಗಳನ್ನೇ ಭತ್ತದ ಪೈರಿನಂತೆ ನಾಲ್ಕು ನಾಲ್ಕು ಕಡ್ಡಿ ಸೇರಿಸಿ ನೆಟ್ಟೆ. ಬುಡದ ಎಲೆಯೆಲ್ಲ ಕೊಳೆಯಿತು.

ಇವತ್ತು ಬಂದವಳು ತೊಟ್ಟಿ ನೋಡಿ ನಕ್ಕುಬಿಟ್ಟಳು.

"ಇದೇನು ಗದ್ದೆಯಾ ಅತ್ತೆ? ಒಂದೊಂದೇ ಕಡ್ಡಿ ನೆಡ್ಬೇಕು ಕಣತ್ತೆ, ಇಲ್ದಿದ್ರೆ ಬುಡಕ್ಕೆ ಬೆಳಕು ಬೀಳಕಿಲ್ಲ. ಬನ್ನಿ, ತೋರಿಸ್ಕೊಡ್ತೀನಿ."

"ನಾಟಿ ಮಾಡೋದ ನೀನು ನಂಗೆ ಯೋಳ್ಕೊಡ್ಬೇಕಾ?" ಎಂದುಬಿಟ್ಟೆ.

ಅವಳ ನಗು ಆರಿತು. ಒಬ್ಬಳೇ ಕೂತು ಕಡ್ಡಿಗಳನ್ನು ಬಿಡಿಸಿ ನೆಟ್ಟಳು. ಇನ್ನೊಂದು ಸಲ ಕರೆಯುತ್ತಾಳೆಂದು ಕುರ್ಚಿಯಲ್ಲೇ ಕಾದೆ. ನಾನೇ ಎದ್ದು ಹೋಗಿದ್ದರೆ...