ಗುಡಿಯೊಳಗೆ ಹೋಗುವ ಜೋಡು

ನಾರಾಯಣಖೇಡ್
ಮಾರ್ಚ್ 9, ಸೋಮವಾರ

ಪ್ರೀತಿಯ ಅಪ್ಪನಿಗೆ ದೇವಿದಾಸನ ನಮಸ್ಕಾರ.

ಕಣ್ಣಿನ ಪಟ್ಟಿ ಬಿಚ್ಚಿದರೇ? ದಿನಕ್ಕೆ ನಾಲ್ಕು ಸಲ ಹನಿ ಹಾಕಿಸಿಕೊಳ್ಳುತ್ತಿದ್ದೀಯೋ, ಇಲ್ಲ ಸುಜಾತಾಳ ಕೈಗೆ ಸಿಗದೆ ಅವಳ ಮನೆಯ ಹತ್ತಿರ ತಾಂಡೂರಿನ ಕಲ್ಲು ಪಾಲಿಶ್ ಮಾಡುವುದನ್ನು ನೋಡಲು ಓಡುತ್ತಿದ್ದೀಯೋ? ಆ ಧೂಳು ನಿನ್ನ ಹೊಸ ಕಣ್ಣಿಗೆ ಬೇಡ. ಇಲ್ಲಿ ಅವ್ವ ಆರಾಮ. ಫೋನ್ ಬಿಟ್ಟು ಕಾಗದ ಏಕೆ ಎಂದು ಕೇಳಬೇಡ. ಗುಡಿಯ ಮಾತು ಬಂದ ಕೂಡಲೇ ನೀನು ಫೋನ್ ಕಟ್ ಮಾಡುತ್ತೀ. ಕಾಗದಕ್ಕೆ ಆ ಗುಂಡಿ ಇಲ್ಲ. ಓದಿ ಹೇಳುವವಳು ನಿನ್ನ ಮಗಳು. ಸುಜಾತಾ, ನಡುವೆ ನಿಲ್ಲಿಸಿದರೆ ನನ್ನಾಣೆ.

ಮೊನ್ನೆ ನಮ್ಮೂರ ಗುಡಿ ಕಮಿಟಿಯ ಶಿವಶಂಕರಪ್ಪನವರು ಬಸ್‌ಸ್ಟ್ಯಾಂಡಿನ ನಮ್ಮ ಚಪ್ಪಲಿ ಅಂಗಡಿಗೆ ದಯಮಾಡಿಸಿದರು. ಯುಗಾದಿಗೆ ಗುಡಿಯ ದೇವರು ಮಲ್ಲಯ್ಯನ ಕಾಲಿಗೆ ಹೊಸ ಜೋಡು ಬೇಕು. ಹಳೆಯದನ್ನು ವಾಡಿಕೆಯಂತೆ ಪ್ರಸಾದವೆಂದು ಹಳದಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಹಾಗೆಯೇ ತಮ್ಮ ಕಾಲಿನದನ್ನೂ ಬಿಚ್ಚಿ, "ಇದರ ಅಟ್ಟಿನೂ ಹೊಲದು ಇಡು" ಎಂದು ನನ್ನ ಮುಂದೆ ದೂಡಿದರು. ಒಂದೇ ಟ್ರಿಪ್ಪಿನಲ್ಲಿ ಎರಡು ಪಾದಸೇವೆ ದಯಪಾಲಿಸಿದ ಪುಣ್ಯಾತ್ಮರು! ಮೇಲೆ ನಮ್ಮದೇ ವಂಶದ ಮಹಿಮೆಯನ್ನು ನನಗೇ ಹೇಳತೊಡಗಿದರು.

ಆ ಕಥೆಯನ್ನು ನೀನು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಷ್ಟು ಸಲ ಹೇಳಿಲ್ಲ! ಬಿಸಿಲಿಗೆ ಕಾಲು ಸುಟ್ಟುಕೊಂಡ ಮಲ್ಲಯ್ಯ ಗುಡ್ಡ ಇಳಿದು ನಮ್ಮ ಹಿರೀಕ ತುಕ್ಕಪ್ಪಜ್ಜನ ಗುಡಿಸಲಿಗೆ ಬಂದ. ಅಜ್ಜ ಜೋಡು ಹೊಲಿದು ತೊಡಿಸಿದ. ದೇವರನ್ನು ಮುಟ್ಟಿದನೆಂದು ಊರವರು ಅಜ್ಜನನ್ನು ಹೊಡೆದು, ಜೋಡು ಕಿತ್ತೆಸೆದರು. ಗುಡಿಯ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಜೋಡು ಹೊತ್ತು ತಂದ ಮೇಲೆಯೇ ತೆರೆಯಿತು. ಅಂದಿನಿಂದ ಮಲ್ಲಯ್ಯ ಅದನ್ನು ಮೆಟ್ಟಿಕೊಂಡು ಊರು ಕಾಯುತ್ತಾನೆ. ವರ್ಷದ ಕೊನೆಗೆ ಜೋಡಿನ ತಳದಲ್ಲಿ ಸವೆದ ಅಟ್ಟೆಯೇ ಸಾಕ್ಷಿ. ಎಂಥ ಬಾಗಿಲು ನೋಡು! ಜೋಡಿಗೆ ತೆರೆಯಿತು, ಅಜ್ಜನಿಗೆ ತೆರೆಯುವುದನ್ನು ಮರೆಯಿತು. ಬೇರೆಲ್ಲರ ಚಪ್ಪಲಿ ಗುಡಿಯ ಹೊರಗೆ, ಅವರು ಒಳಗೆ. ನಮಗೆ ಮಾತ್ರ ಈ ವಿಶೇಷ ಸವಲತ್ತು: ಚಪ್ಪಲಿ ಒಳಗೆ, ನಾವು ಹೊರಗೆ.

"ಈ ಸಲ ನಾನ ಒಳಗ ಬಂದು ತೊಡಸ್ತೀನ್ರಿ" ಎಂದೆ. ಅವರು ಕನಿಕರದಿಂದ ನಕ್ಕರು. "ಹುಚ್ಚ ಇದ್ದಿ ಏನಲೇ? ನಿಮ್ಮಪ್ಪ ನಲವತ್ತು ವರ್ಷದಾಗ ಒಂದು ಮೆಟ್ಲ ಹತ್ತಿಲ್ಲ. ಕೆಳಗಿನ ಆ ಕಲ್ಲು ನಿಮ್ಮ ಇಜ್ಜತ್ತಿನ ಜಾಗಾ. ನಾವು ಕೇಳಿದ್ರೂ ಸಿಗಂಗಿಲ್ಲ." "ಹಂಗಾರ ಅದಲಾಬದಲಿ ಮಾಡ್ಕೊಳ್ಳೋಣ್ರಿ" ಎಂದೆ. ಆಮೇಲೆ ಅವರು ನಗಲಿಲ್ಲ.

ಅಪ್ಪಾ, ನನಗೆ ತಮಾಷೆ ಸಾಕಾಗಿದೆ. ಪ್ರತಿ ಯುಗಾದಿಗೆ ನೀನು ಆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕೈಮುಗಿದು ನಿಲ್ಲುತ್ತೀ. ದೇವರ ಕಾಲು ಸುಡಬಾರದೆಂದು ಜೋಡು ಹೊಲಿಯುವವನ ಕಾಲು ಸುಡುತ್ತದೆ. ಅದನ್ನು ಕೇಳಲು ಯಾವ ದೇವರೂ ಗುಡ್ಡ ಇಳಿದು ಬರಲಿಲ್ಲ. ಈ ವರ್ಷದ ಜೋಡು ಹೊಲಿದಿಟ್ಟಿದ್ದೇನೆ. ನನ್ನ ಕೈಯಲ್ಲೇ ಒಳಗೆ ಹೋದರೆ ಹೋಯಿತು, ಇಲ್ಲದಿದ್ದರೆ ಮಲ್ಲಯ್ಯ ಮನೆಯಲ್ಲೇ ಕೂತು ಊರು ಕಾಯಲಿ. "ಕೊಟ್ಟು ಬಿಡು ಮಗಾ" ಎಂದು ಹೇಳಿಕಳಿಸಬೇಡ.

ಅವ್ವ ಸುಜಾತಾಳಿಗೂ ಮಕ್ಕಳಿಗೂ ಆಶೀರ್ವಾದ ತಿಳಿಸಿದ್ದಾಳೆ. ಹಲ್ಲು ಕಡಿಯುತ್ತಲೇ ನಿನ್ನ ಕಾಲಿಗೆ ಬೀಳುವ ಮಗ,

ದೇವಿದಾಸ

ತಾ.ಕ.: ಈ ಕಾಗದ ಒಯ್ಯುವ ತಾಂಡೂರಿನ ಬಸ್ಸು ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಶಿವಶಂಕರಪ್ಪನವರ ಚಪ್ಪಲಿಯೂ ಮಲ್ಲಯ್ಯನ ಹಳೆಯ ಜೋಡೂ ನನ್ನ ಮುಂದೆ ಪಕ್ಕಪಕ್ಕ ಬಿದ್ದಿದ್ದವು. ಎರಡರಲ್ಲೂ ಬಲ ಅಟ್ಟೆಯ ಹೊರ ಅಂಚು ಒಂದೇ ರೀತಿ ಸವೆದಿದೆ. ಸವೆದ ಅಟ್ಟೆ ನೋಡಿ ನಡೆದವರ ಹೆಸರು ಹೇಳಲು ಕಲಿಸಿದವನು ನೀನೇ. ಸ್ಕೂಟರಿನಿಂದ ಬಿದ್ದ ಮೇಲೆ ಅವರು ಬಲಗಾಲು ಎಳೆಯುತ್ತಾರೆ, ಹನ್ನೊಂದು ವರ್ಷವಾಯಿತು. ನೀನು ತಲೆಯ ಮೇಲೆ ಹೊತ್ತು ತಂದು ಅಟ್ಟದಲ್ಲಿಟ್ಟ ಪ್ರಸಾದದ ಜೋಡುಗಳನ್ನೆಲ್ಲ ನಿನ್ನೆ ಇಳಿಸಿ ನೋಡಿದೆ. ಅವರು ಬಿದ್ದ ಮರುವರ್ಷದಿಂದ ಪ್ರತಿ ಜೋಡಿನಲ್ಲೂ ಬಲ ಅಟ್ಟೆಯ ಹೊರ ಅಂಚಿಗೆ ಒಂದು ಪದರ ತೊಗಲು ಹೆಚ್ಚಿಗೆ ಕೂತಿದೆ. ಕಲ್ಲಿನ ದೇವರು ಕಾಲು ಎಳೆಯುವುದಿಲ್ಲ. ಹೊಲಿಗೆ ನಿನ್ನದು.

ಸುಜಾತಾ, ಇಲ್ಲಿ ನಿಲ್ಲಿಸು. ಅಪ್ಪನ ಮುಖ ನೋಡು. ಏನು ಕಂಡಿತೆಂದು ನನಗೆ ಬರೆ.