ಹಡಗಿನವರ ಪಾಲು

ಸೆಪ್ಟೆಂಬರ್ 4, ಮಧ್ಯಾಹ್ನ

ಮಗಳು ಪರ್ಲ್ ಹಾಲು ಕುಡಿದು ಮಲಗಿದಳು. ನನಗೇ ನಿದ್ದೆ ಇಲ್ಲ, ರಾತ್ರಿಯೂ ಇಲ್ಲ, ಹಗಲೂ ಇಲ್ಲ. ಗಲ್ಫಿನ ಫರ್ವಾನಿಯಾದ ಈ ಫ್ಲಾಟಿನಲ್ಲಿ ಎಸಿ ಸದ್ದು, ನಾನು, ಫೋನು. ಹಡಗು ಎಲ್ಲಿದೆಯೆಂದು ತೋರಿಸುವ ಆ್ಯಪ್‌ನಲ್ಲಿ ನನ್ನ ಗಂಡ ರಾನ್ಸನ್‌ನ ಹಡಗಿನ ಚುಕ್ಕಿ ಮಾಯ. ಯುದ್ಧದ ಕಡಲಲ್ಲಿ ಸಿಗ್ನಲ್ ಆಫ್ ಮಾಡುತ್ತಾರೆ, ಹೆದರಬೇಡ ಅಂದಿದ್ದ. ಮಾಂಸ ತರುವ ರೀಫರ್ ಹಡಗು. ಅದರ ಕೂಲಿಂಗ್ ನೋಡಿಕೊಳ್ಳುವುದು ಇವನ ಕೆಲಸ. ಇಡೀ ಹಡಗೇ ಒಂದು ಫ್ರಿಜ್.

ಹೆಲೆನ್ ಅಜ್ಜಿಯ ಅಪ್ಪನದೂ ಅಂಥದೇ ಹಡಗು. ಅಡುಗೆಯವರಾಗಿದ್ದರು. ಮಹಾಯುದ್ಧದಲ್ಲಿ ಸಬ್‌ಮೆರಿನ್ ಹೊಡೆದು... ಆಗ ಅಜ್ಜಿ ಪರ್ಲ್‌ನಷ್ಟೇ.

ಸೆಪ್ಟೆಂಬರ್ 7

ಚುಕ್ಕಿ ಇಲ್ಲ.

ನಾಳೆ ಮೊಂತಿ ಹಬ್ಬ, ಹೊಸ ತೆನೆಯ ಹಬ್ಬ. ಅಜ್ಜಿಮನೆಯಲ್ಲಿ ಹೊಸ ಅಕ್ಕಿ ಹಾಕಿದ ಪಾಯಸ ಎಲ್ಲರಿಗೂ ಬಡಿಸಿ, ಒಂದು ಬಟ್ಟಲು ಮುಚ್ಚಿಡುತ್ತಿದ್ದರು. ಹಡಗಿನವರ ಪಾಲು. ಮರುದಿನ ಬೆಳಗಾದರೂ ಬಾರದಿದ್ದರೆ ಮನೆಯ ಅತಿ ಕಿರಿಯ ಮಗುವಿಗೆ. ಎಷ್ಟೋ ವರ್ಷ ಆ ಮಗು ನಾನೇ! ತಳಕ್ಕಿಳಿದ ಬೆಲ್ಲ, ಏಲಕ್ಕಿ ಘಮ, ಬೆರಳು ನೆಕ್ಕುತ್ತ ಅಜ್ಜಿಯ ಮಡಿಲಲ್ಲಿ... ಅದನ್ನು ಮೊಟ್ಟಮೊದಲು ತಿಂದ ಮಗು ಅಜ್ಜಿಯೇ ಅಂತೆ.

ಸೆಪ್ಟೆಂಬರ್ 8, ಸಂಜೆ

ಇಗರ್ಜಿಯಲ್ಲಿ ತೆನೆ ಕೊಟ್ಟರು. ಊರಿಂದ ವಿಮಾನದಲ್ಲಿ ಬಂದದ್ದು. ಕಾಳು ಸುಲಿದು ಪಾಯಸಕ್ಕೆ ಹಾಕಿದೆ. ರಾನ್ಸನ್‌ನ ಪಾಲು ತೆಗೆದು, ಸೆಕೆಗೆ ಹಳಸೀತು ಎಂದು ಫ್ರಿಜ್ಜಿನಲ್ಲಿಟ್ಟೆ. ಬಾಗಿಲು ಮುಚ್ಚಿದ ಮೇಲೆ ಹೊಳೆಯಿತು. ಹಡಗಿನವನ ಪಾಲು — ಆ ಥಂಡಿ ಕತ್ತಲೆಯಲ್ಲಿ! ಅಜ್ಜಿಗೆ ಫೋನ್ ಮಾಡಿದೆ.

"ತೆಗಿ ಹೊರಗೆ! ಕಾಲೇಜಿಗೆ ಹೋಗಿ ಇಷ್ಟೇಯಾ ನೀನು ಕಲಿತದ್ದು? ಎಸಿ ಉಂಟಲ್ಲ, ಹಳಸುವುದಿಲ್ಲ."

"ಅಜ್ಜಿ... ಅದು ಸತ್ತವರಿಗೆ ಇಡುವುದಲ್ವಾ?"

"ಯಾರು ಹೇಳಿದ್ದು ಬಾಯೆ? ನನ್ನಮ್ಮ ಒಂದು ದಿನವೂ ವಿಧವೆಯ ಕಪ್ಪು ಉಡಲಿಲ್ಲ. ಬರುವವರಿಗೆ ಇಡುವುದು ಅದು."

ಬಟ್ಟಲು ಟೀಪಾಯಿ ಮೇಲಿಟ್ಟೆ. ತಟ್ಟೆ ಮುಚ್ಚಿದೆ.

ಸೆಪ್ಟೆಂಬರ್ 9, ಬೆಳಿಗ್ಗೆ

ಬರಲಿಲ್ಲ. ಚುಕ್ಕಿಯೂ ಇಲ್ಲ. ಕ್ರಮದ ಪ್ರಕಾರ ಪಾಲು ಈಗ ಪರ್ಲ್‌ಗೆ. ಚಮಚ ತುಂಬಿಸಿದೆ. ಬಾಯಿ ತೆರೆದಳು, ಹಕ್ಕಿಮರಿಯ ಹಾಗೆ. ನನ್ನ ಕೈ ಮುಂದೆ ಹೋಗಲಿಲ್ಲ. ತಿರುಗಿ ಬಟ್ಟಲಿಗೇ ಸುರಿದು ಮುಚ್ಚಿಟ್ಟೆ. ಅತ್ತಳು. ಅಳಲಿ.

ಅದೇ ದಿನ, ಮಧ್ಯಾಹ್ನ

ಫೋನ್! ರಾನ್ಸನ್!

"ಶುವೈಖ್ ಬಂದರಿನ ಹೊರಗೆ ಲಂಗರು ಹಾಕಿದ್ದೇವೆ ಮಾರಾಯ್ತಿ. ಸಂಜೆ ಮನೆಗೆ. ಪಾಯಸ ಉಂಟಾ, ಇಲ್ಲ ತಾಯಿ ಮಗಳು ಸೇರಿ ಖಲಾಸಾ?"

"ಉಂಟು" ಅಂದೆ. ಪರ್ಲ್ ಟೀಪಾಯಿ ಹಿಡಿದು ಎದ್ದು ನಿಂತಿದ್ದಾಳೆ — ಮೊದಲ ಸಲ! ಅಪ್ಪ ನೋಡಬೇಕಿತ್ತು... ತಟ್ಟೆ ಸರಿಸಿದಳು, ಅಯ್ಯೋ, ಪೂರಾ ಕೈ ಬಟ್ಟಲಿಗೆ —